ಬೆಲ್ಟಿನವರೆಗೆ ಮಾತ್ರ

ನನಗೆ ಸೇಡಿನ ಬುದ್ಧಿ. ಮನೆಯವರು ಹಾಗೆಂದು ಬೈದಾಗ ಅಲ್ಲವೆಂದು ನಾನು ವಾದಿಸಿದವಳಲ್ಲ. ತೊಂಬತ್ತರ ದಶಕದಲ್ಲಿ ಶಿವಮೊಗ್ಗದ ಒಂದು ಸಣ್ಣ ದಿನಪತ್ರಿಕೆಯಲ್ಲಿ ಪುಟ ಅಂಟಿಸುತ್ತಿದ್ದಾಗ ಆ ಬುದ್ಧಿ ಚೆನ್ನಾಗಿಯೇ ಕೆಲಸಕ್ಕೆ ಬಂತು. ಸುದ್ದಿಯ ಕಾಲಂಗಳನ್ನೂ ಫೋಟೋಗಳನ್ನೂ ಬ್ಲೇಡಿನಿಂದ ಕತ್ತರಿಸಿ, ಗೋಂದು ಹಚ್ಚಿ, ಪುಟದಲ್ಲಿ ಕೂರಿಸುವುದು ನನ್ನ ಪಾಲಿನದು. ಮಧ್ಯಾಹ್ನ ವಿದ್ಯಾನಗರದಿಂದ ಸಿಟಿ ಬಸ್ಸಿನಲ್ಲಿ ಬಂದು ಕೂತರೆ ಪುಟ ಮುಗಿಯುವವರೆಗೆ ತಲೆ ಎತ್ತುವಂತಿರಲಿಲ್ಲ.

ಆ ವರ್ಷ ಭದ್ರಾವತಿಯ ಒಂದು ಕಾರ್ಖಾನೆಯ ಗೇಟಿನ ಮುಂದೆ ಕಾರ್ಮಿಕರು ಧರಣಿ ಕೂತರು. ಸಂಬಳಕ್ಕಾಗಿ ಅಲ್ಲ. ಅವರ ಸಂಘಕ್ಕೆ ವರ್ಷಗಟ್ಟಲೆ ಚುನಾವಣೆಯೇ ಆಗಿರಲಿಲ್ಲ. ನಮ್ಮ ಮುಖಂಡರನ್ನು ನಾವೇ ಓಟು ಹಾಕಿ ಆರಿಸುತ್ತೇವೆ ಎಂಬುದಷ್ಟೇ ಅವರ ಹಟ. ಕನ್ನಡ, ತಮಿಳು, ತೆಲುಗು ಮೂರರಲ್ಲೂ ಘೋಷಣೆ ಕೂಗುತ್ತಿದ್ದರಂತೆ. ನಮ್ಮ ಭದ್ರಾವತಿ ವರದಿಗಾರರು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ದಿನಾ ಅಲ್ಲೇ ಇರುತ್ತಿದ್ದರು. ನನಗಿಂತ ಹಿರಿಯರು, ಮೃದು ಮನುಷ್ಯ. ನನ್ನನ್ನು ಮಾರಾಯ್ತಿ ಎಂದೇ ಕರೆಯುತ್ತಿದ್ದರು.

ಪೊಲೀಸರು ಲಾಠಿ ಬೀಸಿದ ದಿನ ಅವರು ಅದರ ಫೋಟೋ ತೆಗೆದರು. ಅಲ್ಲಿನ ಇನ್‌ಸ್ಪೆಕ್ಟರ್ ಕ್ಯಾಮೆರಾ ಕಿತ್ತುಕೊಂಡು, ರೀಲನ್ನು ಬಿಸಿಲಿಗೆ ಎಳೆದು ಹಾಳು ಮಾಡಿದ. ಪತ್ರಿಕೆಯವನೆಂದು ಕಾರ್ಡು ತೋರಿಸಿದ ಬಲಗೈಯ ಮೇಲೆಯೇ ಏಟು ಹಾಕಿದ. ಬೆರಳುಗಳ ಮೂಳೆ ಮುರಿಯಿತು. ಸಾಲದೆಂಬಂತೆ, ಕಲ್ಲೆಸೆದು ಪೊಲೀಸರ ಕರ್ತವ್ಯಕ್ಕೆ ಅಡ್ಡಿಪಡಿಸಿದರೆಂದು ಅವರ ಮೇಲೆಯೇ ಕೇಸು ಜಡಿದ. ಶಿಕ್ಷೆಯಾದರೆ ಜೈಲು, ಬರೆಯುವ ಬದುಕು ಅಲ್ಲಿಗೇ ಮುಗಿದಂತೆ. ನಾವು ಸುದ್ದಿ ಹಾಕಿದೆವು, ಮೇಲಿನವರಿಗೆ ಮನವಿ ಕೊಟ್ಟೆವು. ವಿಚಾರಿಸುತ್ತೇವೆ ಎಂದರು. ಯಾರೂ ವಿಚಾರಿಸಲಿಲ್ಲ. ನನ್ನ ಮೈಯೆಲ್ಲ ಉರಿಯುತ್ತಿತ್ತು.

ಆ ಇನ್‌ಸ್ಪೆಕ್ಟರನಿಗೆ ಒಂದು ಚಟವಿತ್ತು. ಕಳ್ಳರು ಸಿಕ್ಕಿಬಿದ್ದಾಗ ಠಾಣೆಯಿಂದ ಪತ್ರಿಕೆಗಳಿಗೆ ಫೋಟೋ ಬರುವುದು ರೂಢಿ. ಮುಂದೆ ನೆಲದ ಮೇಲೆ ತಾಮ್ರದ ಹಂಡೆ, ಬೆಳ್ಳಿ ಸಾಮಾನು, ಪಂಪ್‌ಸೆಟ್ಟು. ಅವುಗಳ ಹಿಂದೆ ಕುಕ್ಕರುಗಾಲಿನಲ್ಲಿ ಕೂತ ಕಳ್ಳರು. ಅವರ ಹಿಂದೆ ಸಾಲಾಗಿ ನಿಂತ ಪೊಲೀಸರು. ನಟ್ಟನಡುವೆ ಎದೆಯುಬ್ಬಿಸಿ ಈತ. ಪತ್ರಿಕೆಯಲ್ಲಿ ಬಂದದ್ದನ್ನು ನೋಡಿಯೇ ಮೇಲಧಿಕಾರಿಗಳು ಬೆನ್ನು ತಟ್ಟುತ್ತಿದ್ದ ಕಾಲ ಅದು. ಫೋಟೋ ಬಾರದಿದ್ದರೆ ಫೋನು ಮಾಡಿ ಕೇಳುತ್ತಿದ್ದ.

ಮುಂದಿನ ಸಲ ಅಂಥ ಫೋಟೋ ಬಂದಾಗ ಸ್ಕೇಲು ಇಟ್ಟು, ಸಮಾಧಾನವಾಗಿ, ಪೊಲೀಸರ ಬೆಲ್ಟಿನ ನೇರಕ್ಕೆ ಕತ್ತರಿಸಿದೆ. ಹಂಡೆಗಳು ಫಳಫಳ, ಕಳ್ಳರ ಮುಖ ಸ್ಪಷ್ಟ, ಮೇಲೆ ಬರೀ ಹೊಟ್ಟೆಗಳು.

ಸಂಪಾದಕರು ಪುಟ ನೋಡಿ, "ಇದೇನಮ್ಮ, ತಲೆಗಳೆಲ್ಲಿ?" ಎಂದರು.

"ಜಾಗ ಸಾಲ್ಲಿಲ್ಲ ಸರ್."

ಅವರು ಪೆನ್ನು ತೆಗೆದು ಸುದ್ದಿಯಲ್ಲಿದ್ದ ಇನ್‌ಸ್ಪೆಕ್ಟರನ ಹೆಸರನ್ನೂ ಹೊಡೆದುಹಾಕಿದರು. ಅಲ್ಲಿ 'ಪೊಲೀಸರು' ಎಂದಷ್ಟೇ ಉಳಿಯಿತು. ಊರಿನ ಉಳಿದ ಪತ್ರಿಕೆಗಳಲ್ಲಿ ಪುಟ ಅಂಟಿಸುವವರೆಲ್ಲ ನನಗೆ ಗೊತ್ತಿದ್ದವರೇ. ಅವರಿಗೂ ಜಾಗ ಸಾಲದಾಯಿತು. ತಿಂಗಳುಗಟ್ಟಲೆ ಆತ ಯಾವ ಪತ್ರಿಕೆಯಲ್ಲೂ ಬೆಲ್ಟಿನಿಂದ ಮೇಲೆ ಬರಲಿಲ್ಲ.

ಕೊನೆಗೊಂದು ದಿನ ಸ್ವೀಟ್ ಬಾಕ್ಸ್ ಹಿಡಿದು ತಾನೇ ಆಫೀಸಿಗೆ ಬಂದ. ಕೂರಿ ಎಂದು ನಾನು ಹೇಳಲಿಲ್ಲ.

"ಏನ್ರೀ ಮೇಡಂ, ಕಳ್ಳರ ಮುಖ ಹಾಕ್ತೀರಿ, ನಮ್ದು ಬರೀ ಹೊಟ್ಟೇನಾ? ಠಾಣೇಲಿ ಪೇದೆಗಳೂ ನಗ್ತಾರೆ."

"ನಮ್ಮೋರ ಮೇಲಿನ ಕೇಸು ಮುಗಿಸಿ. ನಿಮ್ಮ ಮುಖ ಹಾಕ್ತೀನಿ."

"ಪೂರ್ತಿ?"

"ಮೀಸೆ ಸಮೇತ."

ಅವನು ನನ್ನ ಮೇಜಿನ ಮುಂದೆ ಬಾಕ್ಸ್ ಹಿಡಿದು ನಿಂತಿದ್ದನ್ನು ನೋಡಿ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೂ ಸಿಟ್ಟು ಒಂದಿಷ್ಟೂ ಇಳಿಯಲಿಲ್ಲ. ಸ್ವೀಟನ್ನು ಅವನ ಕೈಯಲ್ಲೇ ವಾಪಸ್ಸು ಕಳಿಸಿದೆ.

ಕೆಲವು ವಾರಗಳ ಮೇಲೆ, ಸಾಕ್ಷ್ಯವಿಲ್ಲವೆಂದು ಠಾಣೆಯವರೇ ಕೋರ್ಟಿಗೆ ಬರೆದುಕೊಟ್ಟು ಕೇಸು ಮುಗಿಸಿದರು. ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ಅವನೇ ಕಳಿಸಿದ ಫೋಟೋವನ್ನು ಮುಖಪುಟಕ್ಕೆ ಎತ್ತಿಟ್ಟೆ, ಎರಡು ಕಾಲಂ ಅಗಲ, ಒಂದು ಕೂದಲನ್ನೂ ಕತ್ತರಿಸದೆ.

ಅದರ ಕೆಳಗಿನ ಸಾಲು ಬರೆಯಬೇಕಾದವರು ಯಾರೆಂದು ನನಗೆ ಅನುಮಾನವೇ ಇರಲಿಲ್ಲ. ವರದಿಗಾರರನ್ನು ಭದ್ರಾವತಿಯಿಂದ ಕರೆಸಿದೆ. ಬೆರಳುಗಳು ಬಗ್ಗುತ್ತಿರಲಿಲ್ಲ, ಪೆನ್ನು ನಿಲ್ಲುತ್ತಿರಲಿಲ್ಲ. ಅವರು ಹೇಳಿದರು, ನಾನು ಬರೆದುಕೊಂಡೆ: "ಸಂಘದ ಚುನಾವಣೆ ಕೇಳಿದವರ ಮೇಲೆ ಲಾಠಿ ಬೀಸಿ, ಅದರ ಫೋಟೋ ತೆಗೆದ ನಮ್ಮ ವರದಿಗಾರನ ಕೈ ಮುರಿದು, ಅವನ ಮೇಲೆಯೇ ಸುಳ್ಳು ಕೇಸು ಹಾಕಿ, ಈಗ ಸಾಕ್ಷ್ಯವಿಲ್ಲವೆಂದು ಒಪ್ಪಿಕೊಂಡ ಇನ್‌ಸ್ಪೆಕ್ಟರ್."

ಸಂಪಾದಕರು ಹಿಂಜರಿದರು. "ಇದ್ರಲ್ಲಿ ಯಾವ ಮಾತು ಸುಳ್ಳು, ತೋರ್ಸಿ ಸರ್" ಎಂದೆ. ಅವರು ಪುಟಕ್ಕೆ ಸಹಿ ಹಾಕಿದರು.

ಅಂಟಿಸುವ ಮೊದಲು ಗಟ್ಟಿಯಾಗಿ ಓದಿ ಹೇಳಿದೆ. "ಇನ್ನೊಂದ್ಸಲ ಓದು ಮಾರಾಯ್ತಿ" ಎಂದರು ವರದಿಗಾರರು. ಓದಿದೆ. ಬಗ್ಗದ ಬೆರಳುಗಳನ್ನು ಎಡಗೈಯಿಂದ ನೀವಿಕೊಳ್ಳುತ್ತ, ಇನ್ನೂ ಒಂದು ಸಲ ಓದಿಸಿದರು.