ಕಂಪ್ರೆಸರಿಗೆ ಕಿವಿ ಕೊಟ್ಟವರು

ಅವರ ಬಲಗಿವಿಯ ಸುತ್ತ ಸದಾ ಒಂದು ಕಪ್ಪು ಗ್ರೀಸಿನ ಉಂಗುರ ಇರುತ್ತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದರೂ ಹೋಗದ ಉಂಗುರ. ಏಕೆಂದರೆ ನಮ್ಮ ಎಸಿ ಭಾಯ್ ಗಾಡಿಯನ್ನು ನೋಡುತ್ತಿರಲಿಲ್ಲ, ಕೇಳುತ್ತಿದ್ದರು. ಚನ್ನಪಟ್ಟಣದ ಹೆದ್ದಾರಿ ಬದಿಯ ತಗಡಿನ ಶೆಡ್ಡಿನಲ್ಲಿ ಕಾರಿನ ಬಾನೆಟ್ ಎತ್ತಿ, ಮೊಳದುದ್ದದ ಮರದ ಕೋಲನ್ನು ಕಂಪ್ರೆಸರಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿಬಿಡುವರು. ಆ ಕೋಲು ಅವರಣ್ಣ ಗೊಂಬೆಯ ಲೇತಿನಲ್ಲಿ ತಿರುವಿಕೊಟ್ಟದ್ದು. ಮನೆಯವರೆಲ್ಲ ಗೊಂಬೆ ಮಾಡುವವರು, ಇವರೊಬ್ಬರು ಗಾಡಿಗೆ ಬಿದ್ದವರು.

ಅವರು ಕೇಳುವಾಗ ಬೇರೆ ಯಾರೂ ಉಸಿರೆತ್ತಬಾರದು. ಪಕ್ಕದ ಟೀ ಅಂಗಡಿಯವನು ಸಕ್ಕರೆ ಕದಡುವುದನ್ನೂ ನಿಲ್ಲಿಸಬೇಕು. ಐದು ನಿಮಿಷ, ಹತ್ತು ನಿಮಿಷ, ಒಂದೊಂದು ಸಲ ಅರ್ಧ ಗಂಟೆ. ನನ್ನಂಥ ಬಾಯಿಬಡುಕನಿಗೆ ಅದು ಜೈಲುವಾಸ.

“ಏನ್ ಭಾಯ್, ಒಳಗೆ ಯಾರಾದ್ರೂ ಹರಿಕಥೆ ಮಾಡ್ತಾವ್ರಾ?” ಎಂದರೆ, ಕಣ್ಣು ತೆರೆಯದೆ, “ನೀವ್ ಒಸಿ ಬಾಯ್ ಮುಚ್ಚುದ್ರೆ ಕೇಳುಸ್ತದೆ ಗೌಡ್ರೇ” ಎನ್ನುವರು.

‘ಬದಲಾಯಿಸಿ’ ಎನ್ನುವ ಮಾತು ಅವರ ಬಾಯಿಂದ ಸುಲಭಕ್ಕೆ ಹೊರಡುತ್ತಿರಲಿಲ್ಲ. ಬೇರಿಂಗ್ ಸವೆದಿದ್ದರೆ ಬೇರಿಂಗ್ ಹಾಕಿ ಕಳಿಸುವರು. ಹಲ್ಲು ನೋಯುತ್ತದೆಂದು ತಲೆ ಬದಲಾಯಿಸುತ್ತಾರೆಯೇ ಎಂದು ಕೇಳುವರು.

ನಾನು ಅಕ್ಕೂರಿನವನು. ನನ್ನ ತಮಾಷೆಗೆ ಸಿಕ್ಕಿಬೀಳದ ಗಂಡಸು ನಮ್ಮ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಬೇಕಾದರೆ ಬಸ್‌ಸ್ಟ್ಯಾಂಡಿನಲ್ಲಿ ವಿಚಾರಿಸಿ. ಅಂಥವನು ಈ ಕೋಲಿನ ಪಂಡಿತರನ್ನು ಬಿಡುವುದುಂಟೆ? ಅವರಣ್ಣನ ಅಂಗಡಿಗೇ ಹೋಗಿ ಹೆಬ್ಬೆರಳು ಗಾತ್ರದ ಕೆಂಪು ಗಿಲಕಿಯೊಂದನ್ನು ಕೊಂಡೆ. ಕಾರಿನ ಎಸಿ ಗಾಳಿ ಬರುವ ದಾರಿಯಲ್ಲಿ, ಫಿಲ್ಟರಿನ ಹಿಂದೆ, ಅದನ್ನು ರೇಷ್ಮೆ ದಾರದಲ್ಲಿ ಇಳಿಬಿಟ್ಟೆ. ಎಸಿ ಹಾಕಿದರೆ ಗಿಲಗಿಲ, ಆರಿಸಿದರೆ ಮೌನ.

ಭಾಯ್ ಬೆಳಿಗ್ಗೆ ಕೋಲು ಹಿಡಿದವರು ಊಟ ಬಿಟ್ಟು ಮೂರು ಗಂಟೆಯವರೆಗೂ ಕೇಳಿದರು. ಕೊನೆಗೆ ಗಿಲಕಿ ಕೈಗೆ ಸಿಕ್ಕಿದಾಗ ಟೀ ಅಂಗಡಿಯವನು ನಕ್ಕ ರಭಸಕ್ಕೆ ಎರಡು ಗ್ಲಾಸು ಒಡೆದವು. ಭಾಯ್ ಮಾತ್ರ ಅದನ್ನು ತಿರುಗಿಸಿ ನೋಡಿ, “ನಮ್ಮಣ್ಣನ ಕೈ ಇದು. ಬಣ್ಣ ಚೆಂದಾಗ್ ಕುಂತೈತೆ” ಎಂದು ಜೇಬಿಗೆ ಹಾಕಿಕೊಂಡರು.

ಎರಡು ತಿಂಗಳಾದ ಮೇಲೆ ಕಂಪ್ರೆಸರ್ ನಿಜವಾಗಿಯೂ ಗರಗರ ಎನ್ನತೊಡಗಿತು. ಓಡಿಸಿಕೊಂಡು ಹೋದೆ. ಭಾಯ್ ಬೇರೊಂದು ಗಾಡಿಯ ಕೆಳಗಿದ್ದರು. ತಲೆ ಕೂಡ ಎತ್ತಲಿಲ್ಲ.

“ಈ ಸಲ ಏನ್ ಕಟ್ಟಿದೀರಾ ಗೌಡ್ರೇ, ಬುಗುರಿನಾ?”

ಮನೆದೇವರ ಮೇಲೆ ಆಣೆ ಮಾಡಿದೆ, ಹೆಂಡತಿಯ ಮೇಲೆ ಮಾಡಿದೆ. ಆಣೆ ಮಾಡಿದಷ್ಟೂ ಆ ಮನುಷ್ಯ ಗಾಡಿ ಅಲುಗುವಂತೆ ನಕ್ಕರು. ನನಗೂ ರೇಗಿತು. ಅದೇ ಗರಗರದಲ್ಲೇ ತಿಂಗಳು ಓಡಿಸಿದೆ. ಏಪ್ರಿಲ್‌ನ ಒಂದು ಮಧ್ಯಾಹ್ನ ರಾಮನಗರದ ಹತ್ತಿರ ಕಂಪ್ರೆಸರ್ ಜಾಮ್ ಆಗಿ, ಬೆಲ್ಟ್ ಸುಟ್ಟ ವಾಸನೆ ಬಂದು, ಬಿಸಿಗಾಳಿ ಮುಖಕ್ಕೆ ರಾಚಿತು.

ಸರಿಯಾಗಿ ನಾಲ್ಕು ದಿನಕ್ಕೆ ಕನಕಪುರದ ಕಡೆಯಿಂದ ನಾನು ಚಾಕಿ ತರಬೇಕಾಗಿತ್ತು. ಚಾಕಿಯೆಂದರೆ ಮೊಟ್ಟೆಯೊಡೆದು ವಾರವಷ್ಟೇ ಆದ ರೇಷ್ಮೆ ಹುಳ. ಬಿಸಿಲು ತಾಕಿದರೆ ದಾರಿಯಲ್ಲೇ ಬಾಡಿ, ಆ ಬೆಳೆಯೇ ಹೋದಂತೆ. ಅದಕ್ಕೇ ನಮ್ಮ ಹುಳ ಎಸಿ ಕಾರಿನಲ್ಲೇ ಬರುವುದು. ಜಿಲ್ಲೆಯಲ್ಲಿ ಎಷ್ಟೋ ಮದುಮಕ್ಕಳಿಗೆ ಆ ಯೋಗವಿಲ್ಲ. ಶೋರೂಮಿನಲ್ಲಿ ಕೇಳಿದರೆ ಕಂಪ್ರೆಸರು, ಕಂಡೆನ್ಸರು, ಪೈಪು, ಗ್ಯಾಸು, ಕೂಲಿ ಎಲ್ಲ ಸೇರಿ ಐವತ್ತೆಂಟು ಸಾವಿರ ಅಂದರು. ಅದೂ ಹತ್ತು ದಿನ ಬಿಟ್ಟು. ಆ ದುಡ್ಡಿಗೆ ಒಂದು ಹಸು ಬರುತ್ತದೆ, ಹಾಲಾದರೂ ಕೊಡುತ್ತದೆ.

ಕಾರನ್ನು ಎಳೆಸಿಕೊಂಡು ಭಾಯ್ ಶೆಡ್ಡಿಗೆ ಹೋಗಿ ಬಾಯಿಗೆ ಬಂದಂತೆ ಅಂದೆ. ಅವರು ಪೈಪು ಬಿಚ್ಚಿ ಒಳಗಿನ ಎಣ್ಣೆಯನ್ನು ಅಂಗೈಗೆ ಸುರಿದುಕೊಂಡರು. ಅಂಗೈಯೆಲ್ಲ ಕಬ್ಬಿಣದ ಪುಡಿ, ಮಿಣಮಿಣ. ಹೆಬ್ಬೆರಳಿನಿಂದ ಅದನ್ನು ತಿಕ್ಕಿ ನೋಡಿದರು.

“ಪುಡಿ ಎಲ್ಲಾ ಕಡೀಕೂ ಹೋಗ್ಬುಟ್ಟೈತೆ ಗೌಡ್ರೇ. ಅವತ್ತಾಗಿದ್ರೆ ಎರಡ್ ಸಾವ್ರದ ಬೇರಿಂಗಲ್ಲಿ ಮುಗೀತಿತ್ತು.” ಅಂಗೈ ಒರೆಸಿಕೊಂಡು, “ಅವತ್ತೊಂದಿನ ನಾನು ಕಿವಿ ಕೊಡ್ಲಿಲ್ಲ. ಸಾಮಾನಿನ ದುಡ್ಡು ನೀವ್ ಕೊಡಿ. ಕೂಲಿ ನಂಗ್ ಬ್ಯಾಡ” ಎಂದರು.

ಗಿಲಕಿಯ ಮಾತು ಎತ್ತುತ್ತಾರೆಂದು ಜವಾಬು ಸಿದ್ಧ ಮಾಡಿಕೊಂಡಿದ್ದೆ. ಎತ್ತಲೇ ಇಲ್ಲ. ಅದಕ್ಕೇ ನನಗೆ ಇನ್ನೂ ರೇಗಿದ್ದು. ಮರುದಿನ ಮೊದಲ ರೈಲಿಗೆ ಬೆಂಗಳೂರಿಗೆ ಹೋಗಿ ತಾವೇ ಸಾಮಾನು ತಂದರು. ಮೂವತ್ತೊಂಬತ್ತು ಸಾವಿರ. ಎರಡು ದಿನ ಪೈಪು ಪೈಪು ತೊಳೆದರು. ಚಾಕಿಯ ದಿನ ಬೆಳಿಗ್ಗೆ ಕಾರು ಕೈಗೆ ಬಂತು. ಹುಳ ಶಾಲು ಹೊದೆಯಬೇಕು, ಅಷ್ಟು ತಂಪು. ಆ ಬೆಳೆಯ ಗೂಡಿಗೆ ರಾಮನಗರದ ಮಾರ್ಕೆಟ್ಟಿನಲ್ಲಿ ಒಳ್ಳೇ ರೇಟೇ ಸಿಕ್ಕಿತು.

ಆದರೆ ಕಾರಿನಲ್ಲಿ ಹೊಸದೊಂದು ಶಬ್ದ ಹುಟ್ಟಿತ್ತು. ಎಸಿ ಹಾಕಿ ಹಳ್ಳಕ್ಕೆ ಇಳಿಸಿದರೆ ಎಲ್ಲೋ ಒಳಗೆ ‘ಟೊಕ್’. ಫಿಲ್ಟರಿನ ಹಿಂದೆ ಮೊದಲೇ ನೋಡಿದೆ, ನಾನೇನು ದಡ್ಡನಲ್ಲ. ಏನೂ ಇರಲಿಲ್ಲ. ವಾರಕ್ಕೊಮ್ಮೆ ಭಾಯ್ ಹತ್ತಿರ ಹೋಗುವೆ. ಕೋಲಿಟ್ಟು, ಕಣ್ಣು ಮುಚ್ಚಿ, ಕೇಳಿ, “ಕಂಪ್ರೆಸರ್ ಗುಂಡ್ಕಲ್ ಇದ್ದಂಗೈತೆ, ಓಡುಸ್ಕಂಡೋಗಿ” ಎನ್ನುವರು. ಮೂವತ್ತೊಂಬತ್ತು ಸಾವಿರಕ್ಕೆ ಟೊಕ್ ಕೊಂಡೆನಲ್ಲ ಎಂದು ಊರೆಲ್ಲ ಅವರನ್ನು ಬೈದುಕೊಂಡು ತಿರುಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಭಾಯ್ ಎದೆನೋವು ಬಂದು ಹೋಗಿಬಿಟ್ಟರು. ನಾನೂ ಹೋಗಿ ಮೂರು ಹಿಡಿ ಮಣ್ಣು ಹಾಕಿದೆ. ಹಾಕುವಾಗಲೂ, ಸುಳ್ಳೇಕೆ ಹೇಳಲಿ, ಆ ಟೊಕ್ ಇತ್ಯರ್ಥವಾಗದೆ ಉಳಿಯಿತಲ್ಲ ಎಂಬ ಸಿಟ್ಟೇ ಮನಸ್ಸಿನಲ್ಲಿತ್ತು.

ಮೊನ್ನೆ ರಾಮನಗರದ ಒಬ್ಬ ಮೆಕ್ಯಾನಿಕ್ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿದ. ನನ್ನ ಕೈ ಹೋಗದ ಕಡೆ, ಗಾಳಿ ಪೆಟ್ಟಿಗೆಯ ಹಿಂದೆ, ಬನಿಯನ್ ಬಟ್ಟೆಯ ಉಂಡೆಯೊಂದು ನೇತಾಡುತ್ತಿತ್ತು. ಬಿಚ್ಚಿದರೆ ಕೆಂಪು ಗಿಲಕಿ. ಅದೇ ರೇಷ್ಮೆ ದಾರ. ಗಿಲಗಿಲ ಅಂದರೆ ನಾನು ಕಂಡುಹಿಡಿಯುತ್ತೇನೆಂದು ಭಾಯ್ ಅದರ ಬಾಯಿಗೆ ಬಟ್ಟೆ ಸುತ್ತಿದ್ದರು.

“ಯಾರೋ ಇಟ್ಟವ್ರೆ. ಬಿಸಾಕ್ಲಾ ಸಾರ್?” ಎಂದ.

“ಬಟ್ಟೆ ಬಿಸಾಕು. ಗಿಲಕಿ ಅಲ್ಲೇ ಕಟ್ಟಪ್ಪ” ಎಂದೆ.

ಹುಚ್ಚನನ್ನು ನೋಡುವಂತೆ ನೋಡಿ, ಬಿಚ್ಚಿದ್ದಕ್ಕೆ ಬೇರೆ, ಕಟ್ಟಿದ್ದಕ್ಕೆ ಬೇರೆ ಕೂಲಿ ಕಿತ್ತುಕೊಂಡ. ಅವತ್ತು ತಾವು ಬೇಡವೆಂದ ಕೂಲಿಯನ್ನು ಭಾಯ್, ಹೋದ ಮೇಲೆ, ನನ್ನಿಂದ ಇವನ ಕೈಗೆ ಕೊಡಿಸಿದರು.

ಈಗ ಎಸಿ ಹಾಕಿದರೆ ಕಾರಿನ ತುಂಬ ಗಿಲಗಿಲ. ಪಕ್ಕದಲ್ಲಿ ಕೂತ ಹೆಂಡತಿ ದಾರಿಯುದ್ದಕ್ಕೂ ಬೈಯುತ್ತಾಳೆ.

“ನೀನ್ ಒಸಿ ಬಾಯ್ ಮುಚ್ಚುದ್ರೆ ಕೇಳುಸ್ತದೆ ಕಣಮ್ಮಿ” ಎನ್ನುತ್ತೇನೆ.