ಬೀಗದ ಕೈ ಗೊಂಚಲಿನ ವರದಿಗಾರರು

ವಿಶಾಖಪಟ್ಟಣಕ್ಕೆ ವರ್ಗವಾಗಿದ್ದಾಗ ನಮ್ಮ ಕೆಳಗಿನ ಮನೆಯಲ್ಲಿ ಟಿವಿ ವರದಿಗಾರರೊಬ್ಬರಿದ್ದರು. ಊಟವಾಯಿತೇ ಎಂದು ಕೇಳುವಾಗಲೂ ಕೈಲಿದ್ದ ಬೀಗದ ಕೈ ಗೊಂಚಲನ್ನು ಮೈಕಿನಂತೆ ನಮ್ಮ ಬಾಯಿಗೆ ಹಿಡಿಯುತ್ತಿದ್ದರು. ಮಾತುಮಾತಿಗೂ “ಮನಮೇ ಫಸ್ಟ್ ಸಾರ್!” ನಾವೇ ಮೊದಲು ಎಂಬ ಹೆಮ್ಮೆ.

ಒಂದು ಸಂಜೆ ಬೀದಿ ತುಂಬ ಬಿಳಿ ಹೊಗೆ. ಅವರು ಬನಿಯನ್ ಮೇಲೆ ಕೋಟು ಏರಿಸಿ, ವಿಷಾನಿಲ ಸೋರಿದೆಯೆಂದು ನೇರ ಪ್ರಸಾರ ಶುರುಮಾಡಿಯೇಬಿಟ್ಟರು. ಟಿವಿ ನೋಡಿದ ನಾವು ಮೂಗಿಗೆ ಒದ್ದೆ ಟವೆಲ್ ಕಟ್ಟಿಕೊಂಡು ಬೀದಿಗೆ ಓಡಿದೆವು. ಪಕ್ಕದ ಮನೆಯ ಅಜ್ಜಿ ಮೆಟ್ಟಿಲಲ್ಲಿ ಬಿದ್ದು ಕೈ ಮುರಿದುಕೊಂಡರು.

ಅಷ್ಟರಲ್ಲಿ ಹೊಗೆಯೊಳಗಿಂದ ಯಂತ್ರ ಹೊತ್ತವನೊಬ್ಬ ಹೊರಬಂದ. “ದೋಮಲ ಮಂದು ಸಾರ್,” ಸೊಳ್ಳೆ ಔಷಧಿ ಎಂದ.

ವರದಿಗಾರರು ಮೈಕನ್ನು ಅವನ ಮೂತಿಗೆ ಹಿಡಿದು, ಜನರನ್ನು ಹೀಗೆ ಹೆದರಿಸುವುದು ಸರಿಯೇ ಎಂದು ಗದರಿದರು. ಅವನು ಕೈಮುಗಿದು ಕ್ಷಮೆ ಕೇಳಿದ.

ಆ ಕ್ಷಮೆಯನ್ನೂ ಎಲ್ಲರಿಗಿಂತ ಮೊದಲು ತೋರಿಸಿದ್ದು ಇವರೇ.