ಕತ್ತಲಲ್ಲೇ ಇರಲಿ ಎಂದ ಕಾಲು

ಕೋವಿಡ್ ಕಳೆದು ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ ವರ್ಷ ಅದು. ನಾನು ಹೊಸೂರಿನ ಒಂದು ಕಲರ್ ಲ್ಯಾಬಿನಲ್ಲಿ ಸೀನಿಯರ್ ಕಲರಿಸ್ಟ್ ಆಗಿದ್ದೆ. ಹೆಸರೇನೋ ದೊಡ್ಡದು. ಕೆಲಸ ಮಾತ್ರ ಮದುಮಗಳ ಮುಖಕ್ಕೆ ಬೆಳಕು ತರುವುದು, ಬೀಗರ ಬೋಳುತಲೆಯ ಹೊಳಪು ಇಳಿಸುವುದು. ಮದುವೆ ಇಲ್ಲದ ತಿಂಗಳುಗಳಲ್ಲಿ ಕಾಡುಪ್ರಾಣಿಗಳ ಚಿತ್ರಗಳು ಬರುತ್ತಿದ್ದವು. ರಾಗಿ ತೆನೆ ಬಲಿಯುವ ಹೊತ್ತಿಗೆ ಆನೆಗಳು ಸಾನಮಾವು ಕಾಡಿಗೆ ಬಂದು ಸೇರುತ್ತವೆ, ಅವುಗಳ ಹಿಂದೆಯೇ ದೊಡ್ಡ ದೊಡ್ಡ ಲೆನ್ಸ್ ಹೊತ್ತವರೂ ಬರುತ್ತಾರೆ. ತೊರಪಲ್ಲಿ ಅಗ್ರಹಾರದಲ್ಲಿ ಹುಟ್ಟಿ ಬೆಳೆದ ನನಗೆ ಆನೆ ಹೊಸತಲ್ಲ. ಲೆನ್ಸ್ ಹೊತ್ತವರೇ ಹೊಸಬರು.

ಆನೆ ಕಾಡಿನಿಂದ ಹೊರಬರುವುದು ಹೊತ್ತು ಮುಳುಗಿದ ಮೇಲೆ. ಆಗ ಬೆಳಕು ಸಾಲದೆ ಚಿತ್ರವೆಲ್ಲ ನೀಲಿಗಟ್ಟಿ ಕಪ್ಪಾಗಿರುತ್ತದೆ. ಆ ಕತ್ತಲನ್ನು ಎತ್ತಬೇಕಾದರೆ, ಎಂದರೆ ಬೆಳಗಿಸಿ ಒಳಗಿರುವುದನ್ನು ಕಾಣಿಸಬೇಕಾದರೆ, ರಾ ಫೈಲ್ ಬೇಕು. ಕ್ಯಾಮೆರಾ ಕಂಡದ್ದನ್ನೆಲ್ಲ ಬೇಯಿಸದೆ, ಒಗ್ಗರಣೆ ಹಾಕದೆ ಹಸಿಯಾಗಿಯೇ ಇಟ್ಟುಕೊಂಡ ಫೈಲ್ ಅದು. ಕತ್ತಲನ್ನು ಎತ್ತಿದಂತೆಲ್ಲ ಕೆಂಪು, ಹಸಿರು ಚುಕ್ಕೆಗಳೂ ಏಳುತ್ತವೆ. ಅದಕ್ಕೆ ನಾಯ್ಸ್ ಎನ್ನುತ್ತೇವೆ. ಇನ್ನು ಬಣ್ಣ ಸರಿಹೊಂದಿಸಲು ಚಿತ್ರದೊಳಗೆ ನಿಜವಾಗಿ ಬೂದು ಬಣ್ಣದ ಒಂದು ವಸ್ತು ಸಿಗಬೇಕು. ನಮ್ಮ ಕಡೆಯ ಆನೆಗಳು ಕೆಮ್ಮಣ್ಣು ಮೆತ್ತಿಕೊಂಡಿರುವುದರಿಂದ ಆನೆಯನ್ನೇ ಬೂದು ಎಂದು ನಂಬಿದರೆ ಕೆಲಸ ಕೆಟ್ಟಿತು. ಹೊಲದ ಬೇಲಿಗೆ ನೆಟ್ಟ ಕಲ್ಲುಕಂಬವೇ ನನ್ನ ಅಳತೆ.

ಮುರಳಿ ಎಂಬ ಕೃಷ್ಣಗಿರಿಯ ವ್ಯಕ್ತಿ ನಮ್ಮ ಖಾಯಂ ಗಿರಾಕಿ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಜನರನ್ನು ಕರೆತಂದು ಕಾಡಂಚಿನಲ್ಲಿ ಆನೆ ತೋರಿಸಿ ಫೋಟೋ ತೆಗೆಸುವುದು ಅವರ ಉದ್ಯೋಗ. ಕಾಡೇ ನನ್ನ ದೇವರು ಎಂದು ಬೆನ್ನ ಮೇಲೆ ಅಚ್ಚು ಹಾಕಿಸಿದ ಟೀ ಶರ್ಟು, ಮಾತಿಗೊಮ್ಮೆ ‘ನೇಚರ್, ನೇಚರ್’. ಒಂದು ದಿನ ಬಂದು ಪೆನ್‌ಡ್ರೈವ್ ಕೊಟ್ಟರು. ಕೆರೆದಂಡೆಯ ಮೇಲೆ ತಾಯಾನೆ, ಅದರ ಹೊಟ್ಟೆಯಡಿಗೆ ಒತ್ತಿಕೊಂಡು ನಿಂತ ಮರಿ. ಸ್ಪರ್ಧೆಯೊಂದಕ್ಕೆ ಕಳಿಸಬೇಕಿತ್ತಂತೆ.

“ಮೇಲ್ಗಡೆ ಚೆನ್ನಾಗಿ ಲಿಫ್ಟ್ ಮಾಡಿ ಮೇಡಂ. ಕೆಳಗಡೆ, ಕಾಲ್ ಹತ್ರ ಎಲ್ಲಾ ಫುಲ್ ಬ್ಲ್ಯಾಕ್ ಇರ್ಲಿ. ಮೂಡ್ ಬರ್ಬೇಕು,” ಎಂದರು.

ನನಗೆ ವಿಚಿತ್ರವೆನಿಸಿತು. ಆ ಚಿತ್ರದ ಚೆಂದವಿದ್ದದ್ದೇ ಒದ್ದೆ ಮಣ್ಣಿನ ಮೇಲೆ ಊರಿದ ಆ ಪುಟ್ಟ ಕಾಲುಗಳಲ್ಲಿ. ಕಪ್ಪು ಮಾಡುವ ಮೊದಲು ಅಲ್ಲಿ ಏನಿದೆ ಎಂದು ನೋಡುವುದು ನನ್ನ ಅಭ್ಯಾಸ. ಆನೆಗಳ ಹಿಂದೆ ವಾಲಿ ನಿಂತಿದ್ದ ಕಲ್ಲುಕಂಬ ಬೂದಾಗುವವರೆಗೆ ಬಣ್ಣ ಹೊಂದಿಸಿದೆ. ನೀಲಿ ಇಳಿದು, ಬೆನ್ನ ಮೇಲಿನ ಮಣ್ಣು ಮಣ್ಣಿನ ಬಣ್ಣಕ್ಕೇ ಬಂತು. ಆಮೇಲೆ ನೆರಳನ್ನು ಎತ್ತಿದೆ. ಮರಿಯ ಮುಂಗಾಲಿನಲ್ಲಿ, ಪಾದಕ್ಕಿಂತ ಮೇಲೆ, ಕೆಂಪು ಬಳೆಯಂಥದ್ದು ಕಂಡಿತು.

ಮೊದಲು ನಾಯ್ಸ್ ಎಂದೇ ಅಂದುಕೊಂಡೆ. ಆದರೆ ನಾಯ್ಸ್ ಒಂದೇ ಜಾಗದಲ್ಲಿ ಕೂರುವುದಿಲ್ಲ, ಚಿತ್ರದಿಂದ ಚಿತ್ರಕ್ಕೆ ಚದುರುತ್ತದೆ. ಅದೇ ಪೆನ್‌ಡ್ರೈವಿನಲ್ಲಿ ಅದೇ ಸಂಜೆಯ ಬೇರೆ ಚಿತ್ರಗಳೂ ಇದ್ದವು. ಒಂದೊಂದನ್ನೂ ತೆರೆದು ಎತ್ತಿದೆ. ಮರಿ ತಿರುಗಿದರೂ, ನಡೆದರೂ ಕೆಂಪು ಮಾತ್ರ ಆ ಕಾಲು ಬಿಟ್ಟು ಅಲುಗಲಿಲ್ಲ. ಒಂದು ಚಿತ್ರದಲ್ಲಿ ತಂತಿಯ ತುದಿಯೇ ಹೊರಗೆ ಚಾಚಿತ್ತು. ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನಲ್ಲಿ ಉರುಲು ಕಟ್ಟುತ್ತಾರಲ್ಲ, ಅದು. ಮಾಂಸದೊಳಗೆ ಇಳಿದು ಸುತ್ತಲೂ ಕೀವು ಕಟ್ಟಿತ್ತು. ಫೈಲಿನ ತಾರೀಖು ನೋಡಿದರೆ ಚಿತ್ರ ತೆಗೆದು ವಾರವಾಗಿತ್ತು.

ಕೂಡಲೇ ಫೋನ್ ಮಾಡಿದೆ. “ಸಾರ್, ಮರಿ ಕಾಲಲ್ಲಿ ತಂತಿ ಐತೆ. ನೋಡಿದ್ರಾ?”

“ನೋಡ್ದೆ ಇರ್ತೀನಾ ಮೇಡಂ? ಅದಕ್ಕೇ ಅಲ್ವಾ ಬ್ಲ್ಯಾಕ್ ಮಾಡಿ ಅಂದಿದ್ದು.”

“ಫಾರೆಸ್ಟ್‌ನೋರಿಗೆ ಹೇಳಿದ್ರಾ?”

“ಅಯ್ಯೋ, ಹೇಳಿದ್ರೆ ಆ ಕೆರೆ ಕಡೆ ಒಂದ್ ನರಪಿಳ್ಳೇನೂ ಬಿಡಲ್ಲ. ಭಾನುವಾರ ನನ್ ಬ್ಯಾಚ್ ಬರ್ತಾ ಇದೆ. ಬ್ಯಾಚ್ ಮುಗೀಲಿ, ಆಮೇಲೆ ನೋಡೋಣ.”

ಫೈಲುಗಳ ಸಮಯ ನೋಡಿದೆ, ಮೊದಲ ಚಿತ್ರಕ್ಕೂ ಕೊನೆಯದಕ್ಕೂ ಅರ್ಧ ಗಂಟೆಯ ಅಂತರ. ಈ ಮನುಷ್ಯ ಅರ್ಧ ಗಂಟೆ ಕೂತು, ಕುಂಟುತ್ತಿರುವ ಮರಿಯನ್ನು ಇಷ್ಟು ದೊಡ್ಡ ಲೆನ್ಸಿನಲ್ಲಿ ಕಣ್ತುಂಬ ನೋಡಿ, ಫೋಕಸ್ ಸರಿಮಾಡಿಕೊಂಡು, ಮನೆಗೆ ಹೋಗಿ ಊಟ ಮಾಡಿ ಮಲಗಿದ್ದಾರೆ. ವಾರವಿಡೀ ಮಲಗಿದ್ದಾರೆ. ಉರುಲು ಕಟ್ಟಿದವನು ಆನೆಯ ಮುಖ ನೋಡಿರಲಿಕ್ಕಿಲ್ಲ. ಇವರು ನೋಡಿದ್ದರು.

ಚಿತ್ರವನ್ನು ಫಾರೆಸ್ಟ್‌ನವರಿಗೆ ಕೊಡುತ್ತೇನೆ ಎಂದೆ. ಅವರ ದನಿ ಗಡುಸಾಯಿತು. “ಅದು ನನ್ ಫೋಟೋ ಮೇಡಂ. ಹೊರಗೆ ಹೋದ್ರೆ ನಿಮ್ ಓನರ್ ಹತ್ರ ಮಾತಾಡ್ಬೇಕಾಗುತ್ತೆ.”

“ಫೋಟೋ ನಿಮ್ದೇ ಸಾರ್. ಕಾಲು ಮರೀದು,” ಎಂದು ಫೋನಿಟ್ಟೆ. ಕೆಲಸ ಹೋದರೆ ಹೋಗಲಿ ಎನ್ನುವಷ್ಟು ಸಿಟ್ಟು ಬಂದಿತ್ತು.

ನಮ್ಮೂರಿನ ಮುನಿರಾಜು ಅರಣ್ಯ ಇಲಾಖೆಯಲ್ಲಿ ಗಾರ್ಡ್. ಚಿತ್ರ ಕಳಿಸಿದ ಸ್ವಲ್ಪ ಹೊತ್ತಿಗೆ ಅವನೇ ಲ್ಯಾಬಿಗೆ ಬಂದ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದೆ. ವಾಲಿದ ಕಲ್ಲುಕಂಬ ನೋಡಿದವನೇ ಯಾವ ಕೆರೆ ಎಂದು ಹೇಳಿದ. ಯಾವಾಗ ತೆಗೆದದ್ದು ಎಂದು ಕೇಳಿದ, ಹೇಳಿದೆ.

“ವಾರ್ದಿಂದ ಈ ಕಾಲಲ್ಲೇ ನಡೀತಾ ಐತೇನಕ್ಕ ಇದು? ಆವತ್ತೇ ಒಂದು ಫೋನ್ ಹಾಕ್ಬುಟ್ಟಿದ್ರೆ ತಂತಿ ಕತ್ತರಿಸಿ ಬಿಡ್ಬೋದಾಗಿತ್ತು,” ಎಂದು ಹಣೆ ಉಜ್ಜಿಕೊಂಡ.

ಹಿಂಡು ಅಷ್ಟರಲ್ಲಿ ಜಾಗ ಬದಲಿಸಿತ್ತು. ಹುಡುಕಲು ಎರಡು ದಿನ ಹಿಡಿಯಿತು. ತಾಯಿ ಹತ್ತಿರ ಬಿಡಲಿಲ್ಲ. ಕೊನೆಗೆ ವೈದ್ಯರು ದೂರದಿಂದಲೇ ತಾಯಿಗೂ ಮರಿಗೂ ಅರಿವಳಿಕೆ ಕೊಟ್ಟು ತಂತಿ ತೆಗೆದರಂತೆ. ಮಾರನೆಯ ದಿನ ಮುನಿರಾಜು ಫೋನ್ ಮಾಡಿದ. “ಹೋಗ್ಬುಡ್ತು ಕಣಕ್ಕ. ನಂಜು ಮೈಗೆಲ್ಲಾ ಏರ್ಬುಟ್ಟಿತ್ತು. ತಾಯಿ ಇನ್ನೂ ಅಲ್ಲೇ ನಿಂತೈತೆ, ಸೊಪ್ಪು ಕಿತ್ತು ಮರಿ ಮೇಲೆ ಹಾಕ್ತಾ ಐತೆ. ನಾವು ದೂರದಲ್ಲೇ ಇದ್ದೀವಿ.” ಆವತ್ತು ನಾನು ಬಾಕಿ ಉಳಿದಿದ್ದ ಮದುವೆ ಆಲ್ಬಮ್ಮೊಂದನ್ನು ಅರ್ಧಕ್ಕೆ ಬಿಟ್ಟು ಮನೆಗೆ ಹೋದೆ.

ಮುರಳಿ ಓನರ್ ಹತ್ತಿರ ದೂರು ಕೊಡುತ್ತಾರೆ ಎಂದು ಕಾಯುತ್ತಿದ್ದೆ. ದೂರು ಬರಲಿಲ್ಲ. ಎರಡು ದಿನ ಬಿಟ್ಟು ನನಗೇ ಫೋನ್ ಬಂತು. ಬೆಣ್ಣೆಯಂಥ ದನಿ.

“ಮೇಡಂ, ಆ ಮರಿ ತೀರ್ಕೊಳ್ತಂತೆ, ತುಂಬಾ ಬೇಜಾರಾಯ್ತು. ಜೀವಂತ ಇದ್ದಾಗಿನ ಒಳ್ಳೆ ಫೋಟೋ ನನ್ ಹತ್ರ ಮಾತ್ರ ಇರೋದು. ಒಂದು ಅವೇರ್‌ನೆಸ್ ಪೋಸ್ಟ್ ಹಾಕ್ಬೇಕು. ಆ ಕಾಲು ಎತ್ತಿದ್ರಲ್ಲಾ, ಆ ಫೈಲ್ ಕಳ್ಸಿ. ಗಾಯ ಚೆನ್ನಾಗಿ ಕಾಣ್ಬೇಕು. ಕೆಂಪು ಸ್ವಲ್ಪ ಜಾಸ್ತೀನೇ ಇರ್ಲಿ.”

ನಾನು ಏನು ಹೇಳಿದೆ ಎಂಬುದು ಅಚ್ಚಿನಲ್ಲಿ ಬರುವಂಥದ್ದಲ್ಲ. ಪಕ್ಕದ ಕೌಂಟರಿನವರು ಎದ್ದು ಬಂದರು. ಆ ಫೈಲ್ ಮುರಳಿಗೆ ಸಿಗಲಿಲ್ಲ, ಬೇರೆ ಯಾರಿಂದಲೋ ಮಾಡಿಸಿ ಪೋಸ್ಟ್ ಹಾಕಿದರು. ರಕ್ತ ಕುಂಕುಮದ ಬಣ್ಣಕ್ಕಿತ್ತು, ಬೂದಿರಬೇಕಾದ ಕಲ್ಲುಕಂಬ ಕಿತ್ತಲೆ ಬಣ್ಣಕ್ಕೆ ತಿರುಗಿತ್ತು. ಕೆಳಗೆ ಸಾವಿರಾರು ಜನ ಕೈಮುಗಿದು, ನಿಮ್ಮಂಥವರಿಂದಲೇ ಕಾಡು ಉಳಿದಿದೆ ಎಂದು ಬರೆದಿದ್ದರು.

ಲ್ಯಾಬಿನ ಕೆಲಸ ಬಿಟ್ಟು ಈಗ ಮನೆಯಲ್ಲೇ ಸ್ವಂತವಾಗಿ ಇದೇ ಕೆಲಸ ಮಾಡುತ್ತೇನೆ. ಕತ್ತಲಲ್ಲಿ ತೆಗೆದ ಚಿತ್ರ ಯಾರೇ ತರಲಿ, ಏನು ಕಾಣಬೇಕು ಎಂದು ನಾನು ಕೇಳುವುದಿಲ್ಲ. ಏನು ಕಾಣಬಾರದು ಎಂದು ಕೇಳುತ್ತೇನೆ. ಹೆಚ್ಚಿನವರಿಗೆ ಪ್ರಶ್ನೆಯೇ ಅರ್ಥವಾಗುವುದಿಲ್ಲ, ನಕ್ಕುಬಿಡುತ್ತಾರೆ. ಯಾರು ಉತ್ತರ ಯೋಚಿಸತೊಡಗುತ್ತಾರೋ ಅವರ ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಹಾಕದೆಯೇ ವಾಪಸ್ ಕೊಡುತ್ತೇನೆ.